ಶಾಲೆಯವರು ಮನೆ ಕೊಡುತ್ತಾರೆ ಅಂದಾಗ ಮಕ್ಕಳಿರುವವರು ಕೇಳಬೇಕಾದ್ದು

ಎಲ್ಲರಿಗೂ ನಮಸ್ಕಾರ. ಹೊರದೇಶದ ಶಾಲೆಯಿಂದ ಟೀಚರ್ ಕೆಲಸದ ಆಫರ್ ಬಂದಿದೆ, ಮನೆಯನ್ನೂ ಶಾಲೆಯೇ ಕೊಡುತ್ತದೆ, ಇಬ್ಬರು ಸಣ್ಣ ಮಕ್ಕಳಿದ್ದಾರೆ, ಹೊರಡಬಹುದೇ ಅಂತ ಕೇಳಿದ ತಂಗಿಗೆ ಇದು ನನ್ನ ಉತ್ತರ. "ಬಾಡಿಗೆ ಉಳಿಯುತ್ತಲ್ಲ, ಇನ್ನೇನು ಯೋಚನೆ" ಅಂತ ಇಲ್ಲಿ ಹಲವರು ಹೇಳಿದ್ದೀರಿ. ನನಗೆ ಅಷ್ಟು ಸಲೀಸಾಗಿ ಹೇಳಲು ಆಗುವುದಿಲ್ಲ. ಶಾಲೆ ಕೊಟ್ಟ ಮನೆಯಲ್ಲಿ ಮಕ್ಕಳನ್ನು ಬೆಳೆಸಿದವಳು ನಾನು. ಆಮೇಲೆ ಮನೆಭತ್ಯೆ ತೆಗೆದುಕೊಂಡು ಹೊರಗೆ ಬಾಡಿಗೆಗೂ ಇದ್ದೆವು. ಮಕ್ಕಳನ್ನು ಕರೆದುಕೊಂಡು ಹೋಗುವವರು ಸಂಬಳದ ಅಂಕಿ ನೋಡುವ ಮೊದಲು ಮನೆಯ ಷರತ್ತು ಓದಬೇಕು. ಆ ಮನೆ ನಿಮ್ಮ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ. ಕೆಲಸ ಅಲ್ಲಾಡಿದರೆ ಮಕ್ಕಳ ತಲೆಮೇಲಿನ ಸೂರೂ ಅಲ್ಲಾಡುತ್ತದೆ.

ಮೊದಲು ತಿಳಿದುಕೊಳ್ಳಬೇಕಾದ್ದು ಆ ಮನೆ ಯಾರಿಗೆ ಅನ್ನುವುದು. ಆಫರ್ ಲೆಟರ್‌ನಲ್ಲಿ "ಅಕಾಮಡೇಶನ್ ನೀಡಲಾಗುವುದು" ಅಂತ ಒಂದೇ ಸಾಲು ಇದ್ದರೆ ಅದು ಟೀಚರ್ ಒಬ್ಬರಿಗೆ ಮಾತ್ರ ಅಂತಲೇ ತಿಳಿಯಿರಿ. ಎಷ್ಟೋ ಕಡೆ ಅದು ಶೇರಿಂಗ್ ಮನೆ: ನಿಮಗೊಂದು ಕೋಣೆ, ಹಾಲ್ ಮತ್ತು ಅಡುಗೆಮನೆ ಇನ್ನೊಬ್ಬ ಟೀಚರ್ ಜೊತೆ. ದಕ್ಷಿಣ ಕೊರಿಯಾದಲ್ಲಿ ವಿದೇಶಿ ಟೀಚರ್‌ಗಳಿಗೆ ಸಾಮಾನ್ಯವಾಗಿ ಸಿಗುವುದು ಒನ್‌ರೂಂ. ಮಂಚ, ಒಲೆ, ಬಟ್ಟೆ ಒಗೆಯುವ ಮಷಿನ್ ಎಲ್ಲ ಒಂದೇ ಕೋಣೆಯ ಸುತ್ತ. ಒಬ್ಬರಿಗೆ ಸಾಕು, ತೆವಳುವ ಮಗು ಇದ್ದರೆ ಸಾಲದು. ಆದ್ದರಿಂದ ಎಷ್ಟು ಕೋಣೆ, ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ಇರಲು ಅನುಮತಿ ಇದೆಯೇ, ಮನೆ ಫರ್ನಿಷ್ಡ್ ಆಗಿದ್ದರೆ ಮಕ್ಕಳಿಗೂ ಹಾಸಿಗೆ ಕೊಡುತ್ತಾರೆಯೇ, ಇವಿಷ್ಟನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಎಚ್‌ಆರ್ ಹೇಳಿದ "ಡೋಂಟ್ ವರಿ ಮ್ಯಾಮ್" ಯಾವ ದಾಖಲೆಯೂ ಅಲ್ಲ.

ಗಂಡ ಹೆಂಡತಿ ಇಬ್ಬರೂ ಒಂದೇ ಶಾಲೆಗೆ ಸೇರುವವರು ಇನ್ನೊಂದನ್ನು ಗಮನಿಸಬೇಕು. ಮನೆ ಒಂದೇ ಸಿಗುತ್ತದೆ, ಇನ್ನೊಬ್ಬರ ಮನೆಭತ್ಯೆ ಅನೇಕ ಕಡೆ ಇಲ್ಲವಾಗುತ್ತದೆ. ಎರಡು ಆಫರ್ ಕೂಡಿಸಿ ಲೆಕ್ಕ ಹಾಕುವಾಗ ಅದು ಕಣ್ಣಿಗೆ ಬೀಳುವುದಿಲ್ಲ.

ವೀಸಾದ ಮಾತಿಗೆ ಬಂದರೆ, ಮನೆಗೂ ಕುಟುಂಬದ ವೀಸಾಗೂ ನೇರ ಸಂಬಂಧ ಇರುವ ದೇಶಗಳಿವೆ. ಯುಎಇಯಲ್ಲಿ ಕುಟುಂಬವನ್ನು ಸ್ಪಾನ್ಸರ್ ಮಾಡಲು ಕನಿಷ್ಠ 4,000 ದಿರ್ಹಮ್ ಸಂಬಳ ಇರಬೇಕು, ಇಲ್ಲವೇ 3,000 ದಿರ್ಹಮ್ ಜೊತೆಗೆ ಮನೆ ಇರಬೇಕು. ಜೊತೆಗೆ ನೋಂದಣಿಯಾದ ಬಾಡಿಗೆ ಕರಾರನ್ನೂ ಕೇಳುತ್ತಾರೆ. ದುಬೈನಲ್ಲಿ ಅದಕ್ಕೆ ಇಜಾರಿ ಅನ್ನುತ್ತಾರೆ, ಅಬುಧಾಬಿಯಲ್ಲಿ ತೌತೀಕ್. ಶಾಲೆಯ ಮನೆಯಾದರೆ ಕರಾರು ಶಾಲೆಯ ಹೆಸರಿನಲ್ಲಿ ಇರುತ್ತದೆ, ನಿಮ್ಮ ಹೆಸರಿನಲ್ಲಿ ಅಲ್ಲ. ಈ ಟೀಚರ್ ಈ ಫ್ಲಾಟ್‌ನಲ್ಲಿ ಇದ್ದಾರೆ ಅಂತ ಶಾಲೆ ಕಾಗದ ಕೊಟ್ಟರೆ ಮಾತ್ರ ಕೆಲಸ ಮುಂದಕ್ಕೆ ಹೋಗುತ್ತದೆ. ಆ ಕಾಗದ ಯಾವಾಗ ಕೊಡುತ್ತೀರಿ ಅಂತ ಮೊದಲೇ ಕೇಳಿ. "ಪ್ರೊಬೇಷನ್ ಮುಗಿಯಲಿ" ಅನ್ನುವ ಶಾಲೆಗಳಿವೆ, ಅಲ್ಲಿನ ಕಾನೂನಿನಲ್ಲಿ ಪ್ರೊಬೇಷನ್ 6 ತಿಂಗಳವರೆಗೂ ಇರಬಹುದು. ಅಷ್ಟು ದಿನ ಮಕ್ಕಳು ಎಲ್ಲಿರಬೇಕು, ಅವರ ಅಡ್ಮಿಷನ್ ಏನಾಗಬೇಕು? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಮಕ್ಕಳ ಟಿಸಿ ತೆಗೆಯಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ಚೀನಾಕ್ಕೆ ಹೋಗುವವರಿಗೆ ನಿಯಮ ಬೇರೆ. ಹೋಟೆಲ್ ಬಿಟ್ಟು ಮನೆಗೆ ಹೋದ 24 ಗಂಟೆಯೊಳಗೆ ಆ ಪ್ರದೇಶದ ಪೊಲೀಸ್ ಠಾಣೆಯಲ್ಲಿ ವಿದೇಶಿಯರ ವಾಸದ ನೋಂದಣಿ ಆಗಬೇಕು, ಮಕ್ಕಳದ್ದೂ ಸೇರಿ. ಸಾಮಾನ್ಯವಾಗಿ ಶಾಲೆಯವರೇ ಒಬ್ಬರನ್ನು ಜೊತೆಗೆ ಕಳಿಸುತ್ತಾರೆ. ಕಳಿಸುತ್ತೀರಾ ಅಂತ ಕೇಳಿಟ್ಟುಕೊಳ್ಳಿ.

ಮನೆ ಬೇಕೋ ಭತ್ಯೆ ಬೇಕೋ ಅಂತ ಶಾಲೆ ಆಯ್ಕೆ ಕೊಟ್ಟರೆ, ಮೊದಲ ವರ್ಷ ಮನೆಯನ್ನೇ ತೆಗೆದುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ಭತ್ಯೆ ಕಾಗದದ ಮೇಲೆ ದೊಡ್ಡದಾಗಿ ಕಾಣುತ್ತದೆ, ಆದರೆ ಹೊಸಬರಿಗೆ ಆರಂಭದ ಖರ್ಚು ಉಸಿರು ಕಟ್ಟಿಸುತ್ತದೆ. ದುಬೈನಂಥ ಕಡೆ ಬಾಡಿಗೆಯನ್ನು ತಿಂಗಳು ತಿಂಗಳು ಕೊಡುವ ರೂಢಿ ಕಡಿಮೆ. ವರ್ಷದ ಬಾಡಿಗೆಗೆ ಒಂದು, ಎರಡು ಅಥವಾ ನಾಲ್ಕು ಮುಂದಿನ ದಿನಾಂಕದ ಚೆಕ್ ಬರೆದುಕೊಡಬೇಕು. ಅದರ ಮೇಲೆ ಮನೆಯ ಡಿಪಾಸಿಟ್, ಏಜೆಂಟ್ ಕಮಿಷನ್, ಕರೆಂಟು ನೀರಿನ ಡಿಪಾಸಿಟ್. ವರ್ಷದ ಬಾಡಿಗೆಯ ಶೇ. 5ರಷ್ಟನ್ನು ಹೌಸಿಂಗ್ ಫೀ ಅಂತ ಕರೆಂಟು ಬಿಲ್ಲಿನ ಜೊತೆ ತಿಂಗಳು ತಿಂಗಳು ವಸೂಲಿ ಮಾಡುವುದೂ ಅಲ್ಲಿದೆ. ಭತ್ಯೆ ಸಂಬಳದ ಜೊತೆ ತಿಂಗಳಿಗೊಮ್ಮೆ ಬರುತ್ತದೆ, ಬಾಡಿಗೆ ಮಾತ್ರ ಮೊದಲೇ ಹೋಗುತ್ತದೆ. ಕೆಲವು ಶಾಲೆಗಳು ಭತ್ಯೆಯನ್ನು ವರ್ಷಕ್ಕೆ ಒಂದೇ ಸಲ ಮುಂಗಡವಾಗಿ ಕೊಡುತ್ತವೆ. ಒಳ್ಳೆಯದೇ, ಆದರೆ ವರ್ಷದ ನಡುವೆ ಕೆಲಸ ಬಿಟ್ಟರೆ ಉಳಿದ ತಿಂಗಳುಗಳದ್ದನ್ನು ಕೊನೆಯ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ. ಯುಎಇಯಲ್ಲಿ ಗ್ರಾಚ್ಯುಟಿ ಲೆಕ್ಕ ಹಾಕುವುದು ಬೇಸಿಕ್ ಮೇಲೆ, ಮನೆಭತ್ಯೆ ಅದರಲ್ಲಿ ಸೇರುವುದಿಲ್ಲ. ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. ಮನೆಭತ್ಯೆಯನ್ನು ಉಬ್ಬಿಸಿ ಬೇಸಿಕ್ ಸಣ್ಣದು ಮಾಡಿದ ಆಫರ್ ಬಂದರೆ, ಬೇಸಿಕ್ ಏರಿಸಿ ಅಂತ ಧೈರ್ಯವಾಗಿ ಕೇಳಿ. ಸಹಿ ಹಾಕಿದ ಮೇಲೆ ಆ ಮಾತಿಗೆ ಬೆಲೆ ಇರುವುದಿಲ್ಲ.

ಬೀಗದ ಕೈ ಸಿಕ್ಕ ದಿನ ಒಂದು ಪಟ್ಟಿಗೆ ಸಹಿ ಕೇಳುತ್ತಾರೆ: ಸೋಫಾ, ಮಂಚ, ಫ್ರಿಜ್, ಎಸಿ ರಿಮೋಟು, ಪರದೆಗಳ ತನಕ. ರಾತ್ರಿ ವಿಮಾನ ಇಳಿದು ಬಂದಿರುತ್ತೀರಿ, ಮಕ್ಕಳು ಅಳುತ್ತಿರುತ್ತಾರೆ, ಪಟ್ಟಿ ಹಿಡಿದವರಿಗೂ ಆತುರ. "ಬೆಳಿಗ್ಗೆ ನೋಡಿ ಸಹಿ ಮಾಡುತ್ತೇನೆ" ಅನ್ನಿ, ಅದರಲ್ಲಿ ತಪ್ಪೇನಿಲ್ಲ. ಬೆಳಿಗ್ಗೆ ಹಾಸಿಗೆ ಎತ್ತಿ ಕೆಳಗಿನ ಮಗ್ಗುಲು ನೋಡಿ, ಅಡುಗೆಮನೆ ಸಿಂಕ್ ಕೆಳಗಿನ ಕಪಾಟು ತೆಗೆದು ನೀರು ಸೋರಿದ ಗುರುತು ಇದೆಯೇ ನೋಡಿ, ಗೀಸರ್ ಹಾಕಿ ನೋಡಿ, ಮೀಟರ್ ರೀಡಿಂಗ್ ಬರೆದಿಟ್ಟುಕೊಳ್ಳಿ. ಗೋಡೆಯ ಪ್ರತಿ ಗೀರಿನ ಫೋಟೋ ತೆಗೆದು ಅದೇ ದಿನ ಶಾಲೆಗೆ ಇಮೇಲ್ ಮಾಡಿ. ಖಾಲಿ ಮಾಡುವಾಗ ಹಳೆಯ ಕಲೆಗೆಲ್ಲ ನಮ್ಮಿಂದ ದುಡ್ಡು ಹಿಡಿಯಲು ನೋಡಿದಾಗ ಕಾಪಾಡಿದ್ದು ಆ ಇಮೇಲ್ ಒಂದೇ. ಮೇಲಿನ ಮಹಡಿಯಾದರೆ ಮೊದಲ ಬೇಡಿಕೆ ಕಿಟಕಿ ಮತ್ತು ಬಾಲ್ಕನಿಗೆ ಮಕ್ಕಳ ಲಾಕ್. ಮನೆ ನಮ್ಮದಲ್ಲ, ಗೋಡೆಗೆ ಒಂದು ತೂತು ಕೊರೆಯಲೂ ಅನುಮತಿ ಬೇಕು. ಅದಕ್ಕೇ ಮೊದಲ ದಿನವೇ ಬರೆದು ಕೊಡಿ. ಲಾಕ್ ಹಾಕುವ ತನಕ ಬಾಲ್ಕನಿಯ ಬಾಗಿಲು ಮುಚ್ಚಿಯೇ ಇಡಿ, ಮಕ್ಕಳು ಹತ್ತಬಹುದಾದ ಮಂಚ, ಕುರ್ಚಿಗಳನ್ನು ಕಿಟಕಿ ಮತ್ತು ಬಾಲ್ಕನಿಯಿಂದ ದೂರ ಎಳೆದಿಡಿ, ನೋಡಲು ಚೆನ್ನಾಗಿಲ್ಲದಿದ್ದರೂ ಸರಿ.

ಇದೆಲ್ಲ ಹೇಗೋ ಸರಿಹೋಗುತ್ತದೆ. ಯಾರೂ ಮೊದಲೇ ಹೇಳದ, ಮಕ್ಕಳನ್ನು ನಿಜವಾಗಿ ತಟ್ಟುವ ಸಂಗತಿ ಅಕ್ಕಪಕ್ಕದವರದ್ದು. ಶಾಲೆಯ ಮನೆ ಅಂದರೆ ಬಹಳ ಸಲ ಇಡೀ ಕಟ್ಟಡವೇ ಶಾಲೆಯದ್ದು. ಎದುರು ಮನೆಯಲ್ಲಿ ನಿಮ್ಮ ಮಗಳ ಗಣಿತದ ಟೀಚರ್, ಮೇಲೆ ಸೂಪರ್‌ವೈಸರ್, ಲಿಫ್ಟ್‌ನಲ್ಲಿ ಪ್ರಿನ್ಸಿಪಾಲ್. ಇದರಿಂದ ಒಳ್ಳೆಯದೂ ಇದೆ. ಜ್ವರ ಬಂದ ರಾತ್ರಿ ಬಾಗಿಲು ಬಡಿಯಲು ನಾಲ್ಕು ಮನೆ ಇರುತ್ತವೆ, ಶಾಲೆಯ ಬಸ್ಸು ಬಾಗಿಲಿಗೇ ಬರುತ್ತದೆ, ಮಕ್ಕಳಿಗೆ ಸಂಜೆ ಆಡಲು ಜೊತೆ ತಾನಾಗಿ ಸಿಗುತ್ತದೆ. ಆದರೆ ಮಕ್ಕಳಿಗೆ ಶಾಲೆ ಮುಗಿಯುವುದೇ ಇಲ್ಲ. ನನ್ನ ಮಗಳು ಆಟದ ಮಧ್ಯೆ ಮೆಟ್ಟಿಲಲ್ಲಿ ಟೀಚರ್ ಕಂಡರೆ ಚಪ್ಪಲಿ ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಿದ್ದಳು. ಮನೆಯೊಳಗೆ ಗಂಡ ಹೆಂಡತಿ ಜೋರಾಗಿ ಮಾತಾಡಿದರೆ ಸ್ಟಾಫ್‌ರೂಮಿಗೆ ಗೊತ್ತಾಗುತ್ತದೆ. ಮಕ್ಕಳ ಗಲಾಟೆಯ ದೂರು ನೆರೆಮನೆಯಿಂದ ಬರುವ ಬದಲು ಆಫೀಸಿನಿಂದ ಬರುತ್ತದೆ.

ಅದಕ್ಕೆ ನಾವು ಮಾಡಿಕೊಂಡ ಏರ್ಪಾಡು ಇದು: ಮಕ್ಕಳಿಗೆ ಶಾಲೆಗೆ ಸಂಬಂಧವೇ ಇಲ್ಲದ ಒಂದು ಜಾಗ, ಒಂದು ಗುಂಪು. ವಾರಕ್ಕೊಂದು ಸಂಜೆ ಈಜು, ಸಂಗೀತ, ಕನ್ನಡ ತರಗತಿ, ಏನಾದರೂ ಆಗಲಿ, ಅಲ್ಲಿ ಅವರು ಟೀಚರ್ ಮಗಳಾಗಿ ಇರಬಾರದು. ವರ್ಷದ ಕೊನೆಗೆ ಕಟ್ಟಡದ ಅರ್ಧ ಮನೆಗಳು ಖಾಲಿಯಾದಾಗ ಇದರ ಬೆಲೆ ಇನ್ನೂ ತಿಳಿಯುತ್ತದೆ. ಕಾಂಟ್ರಾಕ್ಟ್ ಮುಗಿದವರ ಜೊತೆ ಅವರ ಮಕ್ಕಳೂ ಹೋಗುತ್ತಾರೆ, ಪ್ರಾಣಸ್ನೇಹಿತರು ಒಂದೇ ವಾರದಲ್ಲಿ ಕಾಣೆಯಾಗುತ್ತಾರೆ. ಗಲ್ಫ್‌ನ ಸಿಬಿಎಸ್‌ಇ ಶಾಲೆಗಳಲ್ಲಿ ಇದು ಮಾರ್ಚ್ ಹೊತ್ತಿಗೆ, ಬ್ರಿಟಿಷ್ ಪಠ್ಯಕ್ರಮದ ಶಾಲೆಗಳಲ್ಲಿ ಜೂನ್ ಕೊನೆ ಜುಲೈ ಹೊತ್ತಿಗೆ. ಯಾರು ಹೋಗುತ್ತಾರೆ ಅನ್ನುವುದನ್ನು ಮಕ್ಕಳಿಗೆ ಮೊದಲೇ ಹೇಳಿ, ವಿದಾಯಕ್ಕೆ ಒಂದು ದಿನ ಬಿಡುವು ಮಾಡಿಕೊಡಿ.

ಕೊನೆಗೆ, ಬಿಡುವ ದಿನದ ವಿಷಯ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸ ಮುಗಿದ 30 ದಿನದೊಳಗೆ ಮಾಲೀಕರು ಕೊಟ್ಟ ಮನೆ ಬಿಡಬೇಕು. ಬೇರೆ ದೇಶಗಳಲ್ಲಿ ಎಷ್ಟು ದಿನ ಅನ್ನುವುದು ನಿಮ್ಮ ಕಾಂಟ್ರಾಕ್ಟ್‌ನಲ್ಲೇ ಇರಬೇಕು, ಇಲ್ಲದಿದ್ದರೆ ಸೇರಿಸಲು ಹೇಳಿ. ಮಕ್ಕಳ ಪರೀಕ್ಷೆ ಮುಗಿಯುವ ತನಕ ಇರಬಹುದೇ ಅಂತಲೂ ಆಗಲೇ ಕೇಳಿ. ಮೊದಲ ದಿನದಿಂದಲೇ ಮೂರು ತಿಂಗಳ ಬಾಡಿಗೆ ಮತ್ತು ಎಲ್ಲರ ವಿಮಾನದ ಟಿಕೆಟ್‌ಗೆ ಆಗುವಷ್ಟು ದುಡ್ಡು ಬೇರೆ ಎತ್ತಿಡಿ.

ತಂಗಿ, ಸಹಿ ಹಾಕುವ ಮೊದಲು ಅದೇ ಕಟ್ಟಡದಲ್ಲಿ ಈಗ ಮಕ್ಕಳೊಂದಿಗೆ ಇರುವ ಟೀಚರ್ ಒಬ್ಬರ ಜೊತೆ ಮಾತಾಡಿಸಿ ಅಂತ ಶಾಲೆಯನ್ನು ಕೇಳಿ. ವಿಡಿಯೋ ಕಾಲ್‌ನಲ್ಲಿ ಮನೆ ತೋರಿಸಲು ಹೇಳಿ. ಆ ಒಂದು ಕೋರಿಕೆಗೆ ಶಾಲೆ ಹೇಗೆ ಉತ್ತರಿಸುತ್ತದೆ ಅನ್ನುವುದರಲ್ಲೇ ಅರ್ಧ ತಿಳಿಯುತ್ತದೆ. ಆಫರ್ ಲೆಟರ್‌ನ ಮನೆಯ ಷರತ್ತನ್ನು ಶಾಲೆಯ ಹೆಸರು ಮುಚ್ಚಿ ಇಲ್ಲಿ ಹಾಕಿದರೆ ನಾವೆಲ್ಲ ಕೂತು ಓದಿ ಹೇಳುತ್ತೇವೆ.