ಗೀಸರಿನ ವಾಲ್ವಿನ ತೂತಿಗೆ ಪ್ಲಂಬರ್ ಎಂ-ಸೀಲ್ ತುಂಬಿದ್ದಾರೆ, ಹೀಗೇ ಬಿಡಬಹುದೇ?

ಧಾರವಾಡದವಳು, ಪುಣೆ

ನಮಸ್ಕಾರ. ಬಾವಧನ್‌ನಲ್ಲಿ ಹದಿನಾಲ್ಕು ಮಹಡಿಯ ಕಟ್ಟಡದ ಎರಡನೆಯ ಮಹಡಿ ನಮ್ಮದು. ಬಚ್ಚಲುಮನೆಯ ಟೈಲ್ಸ್ ಬದಲಿಸಿ 25 ಲೀಟರಿನ ಹೊಸ ಗೀಸರ್ ಹಾಕಿಸುವ ಕೆಲಸ ನೀರು ತುಂಬುವ ಹಬ್ಬದೊಳಗೆ ಮುಗಿಯಬೇಕೆಂದು ಪ್ಲಂಬರಿನ ಬೆನ್ನು ಬಿದ್ದಿದ್ದೆ. ಮುಗಿಯಿತು. ಹಬ್ಬದ ಮರುದಿನದಿಂದಲೇ ಹೊಸ ತಕರಾರು ಶುರುವಾಯಿತು.

ಗೀಸರಿಗೆ ತಣ್ಣೀರು ಹೋಗುವ ಬಾಯಿಯಲ್ಲಿ, ನೀಲಿ ಗುರುತಿರುವ ಕಡೆ, ಹೆಬ್ಬೆರಳಿನಷ್ಟು ಉದ್ದದ ಒಂದು ವಾಲ್ವ್ ಇದೆ. ಪಕ್ಕಕ್ಕೆ ಪುಟ್ಟ ಹಿಡಿಕೆ, ಕೆಳಗೊಂದು ತೂತು. ಸ್ವಿಚ್ ಹಾಕಿ ಹತ್ತು ನಿಮಿಷವಾದರೆ ಆ ತೂತಿನಿಂದ ಹನಿ ಬೀಳತೊಡಗುತ್ತಿತ್ತು. ಬಿಸಿನೀರಿನ ನಲ್ಲಿ ತಿರುಗಿಸಿದ ಕೂಡಲೇ ನಿಲ್ಲುತ್ತಿತ್ತು. ನಮ್ಮಲ್ಲಿ ಬರುವುದು ಟ್ಯಾಂಕರ್ ನೀರು, ಬಹಳ ಗಡಸು. ಎರಡೇ ವಾರದಲ್ಲಿ ಹೊಸ ಟೈಲ್ಸಿನ ಮೇಲೆ ಗೀಸರಿನಿಂದ ನೆಲದವರೆಗೆ ಬಿಳಿ ಸುಣ್ಣದ ಗೀರು ಮೂಡಿತು. ನಿಂಬೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಪ್ಲಂಬರ್ ಮೊದಲ ಸಲ ಬಂದಾಗ ಟೆಫ್ಲಾನ್ ಟೇಪ್ ಸುತ್ತಿದರು. ಎರಡನೆಯ ಸಲ ವಾಲ್ವನ್ನೇ ಬದಲಿಸಿ 450 ರೂಪಾಯಿ ತೆಗೆದುಕೊಂಡರು. ಹನಿ ನಿಲ್ಲಲಿಲ್ಲ. ಮೂರನೆಯ ಸಲ ಎಂ-ಸೀಲಿನ ಎರಡು ತುಂಡುಗಳನ್ನು ಅಂಗೈಯಲ್ಲಿ ನಾದಿ, ತೂತಿಗೆ ತುಂಬಿ, ಹೆಬ್ಬೆರಳಿನಿಂದ ಒತ್ತಿ ಸಪಾಟು ಮಾಡಿದರು. ಈಗ ಒಂದು ಹನಿಯೂ ಇಲ್ಲ. ಬೂದು ಬಣ್ಣದ ಆ ಲೇಪ ಕಲ್ಲಿನಂತೆ ಗಟ್ಟಿಯಾಗಿದೆ. ಟಾರ್ಚ್ ಹಿಡಿದು ನೋಡಿದರೆ ಅವರ ಹೆಬ್ಬೆರಳಿನ ಗೆರೆಗಳು ಅದರ ಮೇಲೆ ಒಂದೊಂದೂ ಕಾಣುತ್ತವೆ.

ಗೀಸರಿನ ಜೊತೆ ಬಂದ ಪುಸ್ತಿಕೆಯನ್ನು ಈಗ ಓದಿದೆ. ಆ ತೂತನ್ನು ಎಂದೂ ಮುಚ್ಚಬಾರದು ಎಂದು ಅದರಲ್ಲಿ ಬರೆದಿದೆ. ಪ್ಲಂಬರಿಗೆ ಫೋನ್ ಮಾಡಿ ಕೇಳಿದರೆ, “ಕಾಹೀ ಹೋಣಾರ್ ನಾಹೀ, ತಾಈ” ಎಂದರು. ಏನೂ ಆಗುವುದಿಲ್ಲವಂತೆ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾರಂತೆ. ಇಷ್ಟು ಹೆದರಿಕೆಯಿದ್ದರೆ ಇದನ್ನು ತೆಗೆದು ಅದೇ ಜಾಗದಲ್ಲಿ ಗ್ಯಾಸ್ ಗೀಸರ್ ಹಾಕಿಕೊಡುತ್ತೇನೆ ಎಂದೂ ಹೇಳಿದರು. ಇನ್ನೊಂದು ವಿಷಯವೂ ಇದೆ. ಗೀಸರಿನ ಬಿಸಿನೀರಿನ ಕಡೆಗೂ ವಾಶ್‌ಬೇಸಿನ್ನಿಗೆ ಹಾಕುವಂಥ ಬಿಳಿ ಪಿವಿಸಿ ಪೈಪನ್ನೇ ಜೋಡಿಸಿದ್ದಾರೆ. ನಟ್ಟಿನ ಹತ್ತಿರ ಅದು ಈಗಲೇ ಮೆತ್ತಗಾಗಿ ಉಬ್ಬಿದೆ.

ಹನಿ ನಿಂತಿತಲ್ಲ, ಬಿಟ್ಟುಬಿಡು ಎನ್ನುತ್ತಾರೆ ನಮ್ಮ ಮನೆಯವರು. ಆದರೆ ನಮ್ಮ ಅತ್ತೆ ಒಂದು ಮಾತು ಹೇಳಿದರು: “ನಮ್ಮ ಹಂಡೆಯ ಬಾಯಿ ತೆರೆದೇ ಇರುತ್ತಿತ್ತು, ಆವಿಗೆ ದಾರಿ ಇತ್ತು. ಇದಕ್ಕೆ ದಾರಿ ಎಲ್ಲಿದೆ?” ಅಂದಿನಿಂದ ನನಗೆ ಸಮಾಧಾನವಿಲ್ಲ. ಬೆಳಗ್ಗೆ ಆರಕ್ಕೆ ಮಗಳು ಅದೇ ಗೀಸರಿನ ಕೆಳಗೆ ನಿಂತು ಸ್ನಾನ ಮಾಡುತ್ತಾಳೆ. ತಿಳಿದವರು ದಯವಿಟ್ಟು ಹೇಳಿ.

ಬಾಯ್ಲರ್ ಕಾಕಾ, ಠಾಣೆ

ತಂಗೀ, ಮೊದಲು ಗೀಸರಿನ ಎಂಸಿಬಿ, ಅಂದರೆ ಕರೆಂಟ್ ಬೋರ್ಡಿನಲ್ಲಿರುವ ಅದರ ಸ್ವಿಚ್, ಇಳಿಸಿ ಬನ್ನಿ. ಉಳಿದದ್ದನ್ನು ಆಮೇಲೆ ಓದಿ.

ನಾನು ಬಟ್ಟೆಯ ಗಿರಣಿಯಲ್ಲಿ ಉಗಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ನಿಮ್ಮ ಅತ್ತೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ನೀರು ಕಾದಂತೆ ಹಿಗ್ಗುತ್ತದೆ. 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು 380 ಮಿಲಿಲೀಟರಿನಷ್ಟು ಹೆಚ್ಚಾಗುತ್ತದೆ, ಅಂದರೆ ಹೆಚ್ಚುಕಡಿಮೆ ಎರಡು ಲೋಟ. ನೀವು ನಲ್ಲಿ ತೆರೆದಿರುವುದಿಲ್ಲ. ಹಿಂದಕ್ಕೆ ತಣ್ಣೀರಿನ ಪೈಪಿಗೆ ಹೋಗೋಣವೆಂದರೆ ಅದೇ ವಾಲ್ವ್ ಅಡ್ಡ ನಿಂತು ತಡೆಯುತ್ತದೆ. ಆ ಎರಡು ಲೋಟ ನೀರು ಹೊರಗೆ ಬರಲೆಂದೇ ಆ ತೂತು ಇರುವುದು. ನೀವು ನೋಡಿದ ಹನಿ ಸೋರಿಕೆಯಲ್ಲ, ವಾಲ್ವ್ ತನ್ನ ಕೆಲಸ ಮಾಡುತ್ತಿತ್ತು. ಬದಲಿಸಿದ ಮೇಲೂ ಹನಿ ಬಿದ್ದದ್ದು ಅದಕ್ಕೇ.

ನಿಮ್ಮದು ಎರಡನೆಯ ಮಹಡಿ, ಟ್ಯಾಂಕ್ ಹದಿನಾಲ್ಕರ ಮೇಲೆ. ನಡುವೆ ಒತ್ತಡ ಇಳಿಸುವ ವಾಲ್ವ್ ಇಲ್ಲದಿದ್ದರೆ ಸುಮಾರು 36 ಮೀಟರ್ ಎತ್ತರದ ನೀರಿನ ಭಾರ ನಿಮ್ಮ ಗೀಸರಿನ ಮೇಲಿದೆ ಎಂದು ತಿಳಿಯಿರಿ. ಅಷ್ಟು ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಅದನ್ನು ದಾಟಿ ಕಾಯುತ್ತಲೇ ಹೋಗುತ್ತದೆ. ಸಾಮಾನ್ಯ ದಿನಗಳಲ್ಲಿ ಥರ್ಮೋಸ್ಟಾಟ್ ಅಲ್ಲಿಯವರೆಗೆ ಬಿಡುವುದಿಲ್ಲ. ಅದು ಕೆಟ್ಟರೆ, ನೀರು ಮಿತಿಮೀರಿ ಕಾದಾಗ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟ್ ಇದೆ. ಗಡಸು ನೀರಿನ ಊರಿನಲ್ಲಿ ಎರಡೂ ಕೆಟ್ಟ ದಿನ ಉಳಿಯುವುದು ಆ ತೂತೊಂದೇ, ಅದನ್ನೇ ಮುಚ್ಚಿದ್ದಾರೆ. ಡ್ರಮ್ಮು ಒಡೆದರೆ ಅಷ್ಟು ಕಾದ ನೀರಿನಲ್ಲಿ ಒಂದು ಪಾಲು ಆ ಕ್ಷಣವೇ ಉಗಿಯಾಗುತ್ತದೆ. ಒಂದು ಲೀಟರ್ ನೀರು ಉಗಿಯಾದರೆ ಸುಮಾರು 1600 ಲೀಟರ್ ಜಾಗ ಬೇಡುತ್ತದೆ.

ನಮ್ಮ ಬಾಯ್ಲರಿಗೆ 1923ರ ಕಾಯ್ದೆ ಇತ್ತು, ತಪಾಸಣೆಯ ಅಧಿಕಾರಿ ಬರುತ್ತಿದ್ದರು. ಸೇಫ್ಟಿ ವಾಲ್ವನ್ನು ನಾವು ಬೆರಳಿನಿಂದಲೂ ಮುಟ್ಟುತ್ತಿರಲಿಲ್ಲ. ನಿಮ್ಮ ಬಚ್ಚಲಿಗೆ ಯಾವ ಅಧಿಕಾರಿಯೂ ಬರುವುದಿಲ್ಲ, ನೀವೇ ನೋಡಿಕೊಳ್ಳಬೇಕು.

ಅಂದ ಹಾಗೆ, ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿನಿಂದ ಪರೀಕ್ಷೆ ಮಾಡಿಸಿ. ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ.

ಮಡಗಾಂವ್ ಅಕ್ಕ

ಗ್ಯಾಸ್ ಗೀಸರಿನ ಮಾತು ಓದಿ ಎದೆ ಧಸಕ್ಕೆಂದಿತು. ನಮ್ಮಲ್ಲಿ ಅದು ಬಚ್ಚಲೊಳಗೇ ಇತ್ತು. ಮಳೆಗಾಲದ ಎರಚಲು ತಡೆಯಲಾಗದೆ ನಾನೇ ಕಿಂಡಿಗೆ ಪ್ಲಾಸ್ಟಿಕ್ ಹಾಳೆ ಬಡಿದಿದ್ದೆ. ಒಂದು ಸಂಜೆ ಮೈದುನ ಸ್ನಾನಕ್ಕೆ ಹೋದವನು ಬಕೆಟ್ ಬಿದ್ದ ಸದ್ದಿನ ನಂತರ ಕರೆದರೆ ಓಗೊಡಲಿಲ್ಲ. ಬಾಗಿಲಿನ ಚಿಲಕ ಸಡಿಲವಿದ್ದುದರಿಂದ ಉಳಿದ. ಸಿಲಿಂಡರಿನ ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ. ಆದರೆ ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತ ಆಮ್ಲಜನಕವನ್ನು ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತದೆ ಎಂದು ಅಂದು ಡಾಕ್ಟರು ಬಿಡಿಸಿ ಹೇಳಿದರು. ಈಗ ನಮ್ಮ ಗ್ಯಾಸ್ ಗೀಸರ್ ಹೊರಗಿನ ತೆರೆದ ಜಗಲಿಯಲ್ಲಿದೆ, ಬಚ್ಚಲಿಗೆ ಬರುವುದು ಬಿಸಿನೀರಿನ ಪೈಪ್ ಮಾತ್ರ. ಬಚ್ಚಲೊಳಗೆ ಹಾಕುತ್ತೇನೆ ಎನ್ನುವವರನ್ನು ಬಾಗಿಲಿನಿಂದಲೇ ಕಳುಹಿಸಿ.

ನಳದ ಮೇಸ್ತ್ರಿ, ಡೊಂಬಿವಲಿ

ನಾನು ಪ್ಲಂಬರ್. ಬಾಗಲಕೋಟೆ ಕಡೆಯವನು, ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅಕ್ಕಾ, ನಿಮ್ಮ ಪ್ಲಂಬರ್ ಮಾಡಿದ್ದು ತಪ್ಪು. ನಾನೂ ಮೊದಮೊದಲು ಎರಡು ಮೂರು ಮನೆಯಲ್ಲಿ ಹೀಗೆ ಮಾಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಮಗೆ ಕೆಲಸ ಕಲಿಸಿದವರು ಪೈಪ್ ಕತ್ತರಿಸುವುದನ್ನು, ಅಂಟು ಹಚ್ಚುವುದನ್ನು ಕಲಿಸಿದರು. ಆ ವಾಲ್ವ್ ಯಾಕಿದೆ ಎಂದು ಯಾರೂ ಹೇಳಲಿಲ್ಲ. ಮನೆಯವರು ಫೋನ್ ಮೇಲೆ ಫೋನ್ ಮಾಡಿ, ಹನಿ ನಿಲ್ಲದಿದ್ದರೆ ಬಾಕಿ ಹಣ ಕೊಡುವುದಿಲ್ಲ ಎನ್ನುತ್ತಾರೆ. ನಾಲ್ಕನೆಯ ಸಲ ಬಂದುಹೋಗುವ ಖರ್ಚು ಯಾರು ಕೊಡುತ್ತಾರೆ? ಕೈಗೆ ಸಿಕ್ಕಿದ್ದನ್ನು ತುಂಬಿ ಬಿಡುತ್ತಾರೆ. ಕಟ್ಟುವಾಗಲೇ ಗೀಸರಿನ ಕೆಳಗೆ ಹನಿ ಹೋಗಲು ಅರ್ಧ ಇಂಚಿನ ಪೈಪ್ ಬಿಟ್ಟಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಬಿಲ್ಡರಿಗೆ ಹೇಳಿ ನೋಡಿದ್ದೇನೆ, ನಕಾಶೆಯಲ್ಲಿ ಇಲ್ಲ ಎನ್ನುತ್ತಾರೆ.

ಎಂ-ಸೀಲ್ ಕೆರೆಯಲು ಹೋಗಬೇಡಿ, ಒಳಗಿನ ಸ್ಪ್ರಿಂಗಿಗೆ ಚೂರು ಸಿಕ್ಕಿಕೊಳ್ಳುತ್ತದೆ. ವಾಲ್ವ್ ಹೊಸದೇ ಬೇಕು, ನಿಮ್ಮ ಗೀಸರಿನ ಕಂಪನಿ ಕೊಡುವಂಥದ್ದೇ ಆಗಬೇಕು. ಕರೆಂಟ್ ತೆಗೆದು ಒಂದು ರಾತ್ರಿ ತಣ್ಣಗಾಗಲು ಬಿಡಿ, ಬಿಸಿಯಿದ್ದಾಗ ಯಾರೂ ಪಾನಾ ಹಚ್ಚಬಾರದು. ತಣ್ಣೀರಿನ ಕಾಕ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿದ ಮೇಲೆಯೇ ಬಿಚ್ಚಿಸಿ. ತೂತಿನ ಬಾಯಿಗೆ ತೆಳುವಾದ ನಳಿಗೆ ಸಿಕ್ಕಿಸಿ, ಎಲ್ಲಿಯೂ ಮಡಚದಂತೆ ಇಳಿಜಾರಾಗಿ ನೆಲದ ಜಾಲರಿಯವರೆಗೆ ತನ್ನಿ, ತುದಿ ತೆರೆದೇ ಇರಲಿ. ಟೈಲ್ಸ್ ಒಡೆಯುವ ಅಗತ್ಯವಿಲ್ಲ. ಉಬ್ಬಿದ ಬಿಳಿ ಪೈಪ್ ತೆಗೆಸಿ, ಬಿಸಿನೀರು ತಡೆಯುವ ಸ್ಟೀಲಿನದನ್ನು ಹಾಕಿಸಿ.

ಧಾರವಾಡದವಳು, ಪುಣೆ

ಕಾಕಾ, ಅಕ್ಕ, ಮೇಸ್ತ್ರಿ ಅಣ್ಣ, ಮೂವರಿಗೂ ಕೈಮುಗಿಯುತ್ತೇನೆ. ಆ ರಾತ್ರಿಯೇ ಎಂಸಿಬಿ ಇಳಿಸಿದೆ. ನಾಲ್ಕು ದಿನ ಒಲೆಯ ಮೇಲೆ ನೀರು ಕಾಯಿಸಿಕೊಂಡೆವು. ಕಂಪನಿಯ ಕಡೆಯವರು ಬಂದು ವಾಲ್ವ್ ಬದಲಿಸಿದರು, ಬಿಸಿನೀರಿನ ಕಡೆಗೆ ಸ್ಟೀಲ್ ಪೈಪ್ ಹಾಕಿದರು. ಅರ್ಥಿಂಗ್ ಸರಿಯಾಗಿದೆ. ಆರ್‌ಸಿಸಿಬಿ ಇರಲಿಲ್ಲ, ಹಾಕಿಸಿದೆ. ವಾಲ್ವಿನಿಂದ ಜಾಲರಿಯವರೆಗೆ ಪಾರದರ್ಶಕ ನಳಿಗೆ ಇಳಿಬಿಟ್ಟಿದ್ದೇವೆ.

ನಿನ್ನೆ ಬೆಳಗ್ಗೆ ನಳಿಗೆಯ ತುದಿಗೆ ಸ್ಟೀಲ್ ಲೋಟ ಹಿಡಿದು ಕುಳಿತೆ. ಗೀಸರಿನ ಕೆಂಪು ದೀಪ ಆರುವ ಹೊತ್ತಿಗೆ ಒಂದೂವರೆ ಲೋಟ ತುಂಬಿತ್ತು. ನಮ್ಮ ಮನೆಯವರನ್ನು ಕರೆದು ತೋರಿಸಿದೆ. ಅವರು ಲೋಟವನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ಪ್ಲಂಬರಿಗೆ ಮತ್ತೆ ಫೋನ್ ಮಾಡಿದೆ, ಜಗಳವಾಡಲಿಲ್ಲ. ಮೇಸ್ತ್ರಿ ಅಣ್ಣ ಬರೆದದ್ದನ್ನು ಮರಾಠಿಯಲ್ಲಿ ಹೇಳಿದೆ. ಅವರು ಕೇಳಿಸಿಕೊಂಡರು. ನಮ್ಮ ವಿಂಗಿನಲ್ಲಿ ಇನ್ನೂ ಐದು ಮನೆಗಳ ಗೀಸರ್ ತಾವೇ ಹಾಕಿದ್ದೆಂದು ಆಮೇಲೆ ಹೇಳಿದರು. ಸಂಜೆ ಟಾರ್ಚ್ ಹಿಡಿದು ಐದೂ ಮನೆಗೆ ಹೋದೆ. ಎರಡು ಕಡೆ ಅದೇ ಬೂದು ಲೇಪವಿತ್ತು. ಒಂದು ಮನೆಯವರು ಆಗಲೇ ಸ್ವಿಚ್ ಆರಿಸಿದರು. ಏಳನೆಯ ಮಹಡಿಯ ಅಜ್ಜಿ ಒಬ್ಬರೇ ಇರುತ್ತಾರೆ. ಆ ಹುಡುಗ ಎಷ್ಟು ಚೆನ್ನಾಗಿ ಕೆಲಸ ಮಾಡಿದ, ಒಂದು ಹನಿಯೂ ಬೀಳುವುದಿಲ್ಲ ಎಂದು ನನಗೇ ತೋರಿಸಿದರು. ಅವರ ಎಂಸಿಬಿ ಇಳಿಸಿ, ಇಂದು ಬೆಳಗ್ಗೆ ನಮ್ಮ ಮನೆಯಿಂದ ಎರಡು ಬಕೆಟ್ ಬಿಸಿನೀರನ್ನು ಲಿಫ್ಟಿನಲ್ಲಿ ಒಯ್ದು ಕೊಟ್ಟೆ. ವಾಲ್ವ್ ಮಂಗಳವಾರ ಬರುತ್ತದೆ. ತೆಗೆದ ವಾಲ್ವನ್ನು ನಾನು ಎಸೆದಿಲ್ಲ. ಭಾನುವಾರದ ಸೊಸೈಟಿ ಸಭೆಗೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತೇನೆ.