ಜ್ವರವಿದ್ದ ದಿನವೇ ಅತ್ಯುತ್ತಮ ಸ್ಕೋರ್ ಬಂದದ್ದು ಹೇಗೆ?

ಏರ್‌ಪಿಸ್ತೂಲ್ ಅಭ್ಯಾಸಿ:
ನಾನು 10 ಮೀಟರ್ ಏರ್ ಪಿಸ್ತೂಲ್ ವಿಭಾಗದಲ್ಲಿ ಸ್ಪರ್ಧಿಸುತ್ತೇನೆ. ಇತ್ತೀಚಿನ ಪಂದ್ಯದ ಹಿಂದಿನ ರಾತ್ರಿಯೇ ಜ್ವರ, ಮೈಕೈ ನೋವು ಶುರುವಾಗಿದ್ದವು. ಪ್ರವೇಶ ಶುಲ್ಕ ಕಟ್ಟಿಯಾಗಿದೆಯಲ್ಲ ಎಂಬ ಒಂದೇ ಕಾರಣಕ್ಕೆ ಹೋದೆ. ಪೂರ್ವಭಾವಿ ಹೊಡೆತಗಳಲ್ಲೇ ಪಿಸ್ತೂಲು ಎಂದಿಗಿಂತ ಹೆಚ್ಚು ಅಲುಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಆದರೂ 60 ಹೊಡೆತಗಳು ಮುಗಿದಾಗ ಪರದೆಯ ಮೇಲೆ 600ಕ್ಕೆ 571 ಇತ್ತು. ಅಭ್ಯಾಸದಲ್ಲಿ 560 ದಾಟುವುದೇ ನನಗೆ ಅಪರೂಪ. ಜ್ವರ ಬಂದಾಗ ಎದೆಬಡಿತ ಏರುತ್ತದೆ, ತೋಳಿನ ಬಲ ಕುಗ್ಗುತ್ತದೆ. ಹಾಗಿದ್ದೂ ಗುರಿ ಸುಧಾರಿಸಿದ್ದು ಹೇಗೆ?

ಹಳೆಯ ತರಬೇತುದಾರ:
ಜ್ವರದಿಂದ ನಿಮ್ಮ ಕೈ ಸುಧಾರಿಸಲಿಲ್ಲ, ಹಟ ಕಡಿಮೆಯಾಯಿತು ಎಂದು ನನಗೆ ಅನ್ನಿಸುತ್ತದೆ. ಇಡೀ ಕೈ 3 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಸುಮಾರು ಅಷ್ಟೇ ಸರಿಯುತ್ತದೆ; ಗುರಿಯ ನಟ್ಟನಡುವಿನ ಹತ್ತು ಅಂಕದ ವಲಯದ ವ್ಯಾಸ 11.5 ಮಿಲಿಮೀಟರ್ ಇರುವುದರಿಂದ ಅದು ಹತ್ತಾಗಿಯೇ ಉಳಿಯುತ್ತದೆ. ಆದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಎರಡು ಸೈಟುಗಳಲ್ಲಿ, ಹಿಂದಿನದರ ಕಂಡಿಯಲ್ಲಿ ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ವಾಲಿದರೂ, ಎರಡರ ನಡುವಿನ ಅಂತರ ಸುಮಾರು 33 ಸೆಂಟಿಮೀಟರ್ ಮಾತ್ರ ಆದ್ದರಿಂದ, 10 ಮೀಟರ್ ದೂರದಲ್ಲಿ ಆ ತಪ್ಪು ಸುಮಾರು 30 ಮಿಲಿಮೀಟರ್ ಆಗಿ, ಹತ್ತಾಗಬೇಕಿದ್ದ ಹೊಡೆತ ಏಳಕ್ಕೆ ಇಳಿಯುತ್ತದೆ. ಅಲುಗಾಟ ನಿಲ್ಲಲಿ ಎಂದು ಕಾದು ಕಾದು, ಉಸಿರು ಸಾಲದಾಗಿ, ಕಣ್ಣು ದಣಿದು, ಕೊನೆಗೆ ‘ಈಗ’ ಎಂದು ಟ್ರಿಗರನ್ನು ಕಿತ್ತಾಗ ಆಗುವುದು ಈ ಎರಡನೆಯ ತಪ್ಪೇ. ಅಂದು ಕಾಯುವಷ್ಟು ತ್ರಾಣವಿಲ್ಲದೆ, ಅಲುಗಾಟವನ್ನು ಒಪ್ಪಿಕೊಂಡು, ಬೆರಳನ್ನು ನಿಲ್ಲಿಸದೆ ಒತ್ತಿರುತ್ತೀರಿ. ಪಂದ್ಯದ ಮುದ್ರಿತ ಹಾಳೆಯಲ್ಲಿ ಪ್ರತಿ ಹೊಡೆತದ ಸಮಯ ಇದ್ದರೆ ಒಮ್ಮೆ ನೋಡಿ.

ಬೆಂಗಳೂರು ಶೂಟರ್:
ಇಂಥ ಮಾತು ಬಂದಾಗಲೆಲ್ಲ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ಹೆಸರು ಬರುತ್ತದೆ. 2013ರಲ್ಲಿ ಅವರ ಮುಖದ ಒಂದು ಬದಿಗೆ ಪಾರ್ಶ್ವವಾಯು ತಗುಲಿತ್ತು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಆದರೆ ಅದು ಚೇತರಿಸಿಕೊಂಡು ಮರಳಿ ಕಟ್ಟಿಕೊಂಡ ಆಟ. ಒಂದು ದಿನದ ಜ್ವರದ ಸ್ಕೋರನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ನನಗೆ ಸರಿ ಕಾಣುವುದಿಲ್ಲ. 571 ಕೇವಲ ಒಂದು ಒಳ್ಳೆಯ ದಿನವೂ ಆಗಿರಬಹುದು.

ಔಷಧ ವಿಭಾಗದವರು:
ಅಂದು ಏನು ಮಾತ್ರೆ ತೆಗೆದುಕೊಂಡಿರಿ ಎಂಬುದನ್ನು ಯಾರೂ ಕೇಳಲಿಲ್ಲ. ಪ್ಯಾರಾಸಿಟಮಾಲ್ ನಿಷೇಧಿತವಲ್ಲ. ಆದರೆ ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್, ಸ್ಪರ್ಧೆಯ ವೇಳೆ ಮೂತ್ರದಲ್ಲಿ ನಿಗದಿತ ಮಿತಿ ಮೀರಿದರೆ ನಿಷೇಧಿತ. ಎದೆಬಡಿತವನ್ನೂ ನಡುಕವನ್ನೂ ತಗ್ಗಿಸುವ ಬೀಟಾ ಬ್ಲಾಕರ್‌ಗಳಂತೂ ಶೂಟಿಂಗ್‌ನಲ್ಲಿ ಸ್ಪರ್ಧೆಯ ಹೊರಗೂ ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ಪತ್ತೆಯಾದ ಕಾರಣ ಎರಡು ಪದಕ ಕಳೆದುಕೊಂಡರು.

ಏರ್‌ಪಿಸ್ತೂಲ್ ಅಭ್ಯಾಸಿ:
ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ತೆಗೆದುಕೊಂಡಿರಲಿಲ್ಲ. ಹಾಳೆ ತೆಗೆದು ನೋಡಿದೆ. ಹಿಂದಿನ ಪಂದ್ಯದಲ್ಲಿ ಕೆಲವು ಹೊಡೆತಗಳ ನಡುವೆ ಎರಡು ನಿಮಿಷಕ್ಕೂ ಹೆಚ್ಚು ಅಂತರವಿದ್ದು, ಅದರ ಬೆನ್ನಿಗೇ ಏಳು, ಎಂಟು ಬಂದಿವೆ. ಜ್ವರದ ದಿನ ಅಂತರಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮನಾಗಿವೆ, ಒಂದೂ ಏಳಿಲ್ಲ. ಆದರೆ ಹತ್ತುಗಳ ಸಂಖ್ಯೆಯೇನೂ ಅಷ್ಟಾಗಿ ಏರಿಲ್ಲ.