ಹಿತ್ತಲಿನ ಅಳಿಲು ಹಾಲ್‌ನ ಗೋಡೆಗೆ: ಕ್ಲೋಸಪ್ ಮತ್ತು ಪ್ರಿಂಟ್ ಬಗ್ಗೆ

ಹಿತ್ಲುಮನೆ:
ಮನೆ ಉಡುಪಿ ಹತ್ತಿರ. ಅಳಿಲಿನ ಮುಖದ ಮೂರು ಕ್ಲೋಸಪ್ ಸಾಲಾಗಿ ಹಾಕಬೇಕು, ಒಂದೊಂದೂ 12×18 ಇಂಚು. ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾ, 24 ಮೆಗಾಪಿಕ್ಸೆಲ್, 70–300 ಎಂಎಂ ಲೆನ್ಸ್. ಕಣ್ಣು ಶಾರ್ಪ್ ಬಂದರೆ ಮೂತಿ ಮಸುಕು. ಒಂದು ಪ್ರಿಂಟ್ ತೆಗೆಸಿದ್ದು ಸ್ಕ್ರೀನಿಗಿಂತ ತುಂಬ ಕಪ್ಪಾಗಿದೆ. ಗೋಡೆಯ ಎದುರಿಗೇ ಕಿಟಕಿ. ಕ್ಯಾನ್ವಾಸೋ ಪೇಪರೋ?

ಎಫ್_ಎಂಟು:
ಲೆನ್ಸಿನ ತಪ್ಪಲ್ಲ ಸರ್. 300 ಎಂಎಂ, 3 ಮೀಟರ್ ದೂರ, ಎಫ್/5.6 (ಲೆನ್ಸಿನ ಕಿಂಡಿಯ ಅಂಕಿ; ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಅಂದರೆ ಶಾರ್ಪ್ ಸಿಗುವ ಆಳ ಸುಮಾರು 2 ಸೆಂ.ಮೀ.; ಎಫ್/8ಕ್ಕೆ 3. ಅದರಲ್ಲೂ ಕಣ್ಣಿನ ಮುಂದಕ್ಕೆ ಸಿಗುವುದು ಅರ್ಧ. ಎದುರಿನಿಂದ ತೆಗೆಯುವುದಾದರೆ ಎಫ್/8ಕ್ಕಿಂತ ಕಡಿಮೆ ಬೇಡ. ಮುಖ ಪಕ್ಕಕ್ಕೆ ತಿರುಗಿದಾಗ ಕಣ್ಣು, ಮೂತಿ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ, 5.6 ಸಾಕು, ಹಿನ್ನೆಲೆಯೂ ಕರಗುತ್ತದೆ. ಅಳಿಲಿಗೆ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಅದೇ ಹೆಚ್ಚು ಚೆಂದ ಅನ್ನುವುದು ನನ್ನ ಅಭಿಪ್ರಾಯ.

ಸುಮ್ಮನೆ ಕೂತ ಹಾಗೆ ಕಂಡರೂ ತಲೆ ಅದುರುತ್ತಲೇ ಇರುತ್ತದೆ. ಶಟರ್ 1/1000 ಸೆಕೆಂಡ್, ತೀರಾ ಬೆಳಕಿಲ್ಲದಿದ್ದರೆ 1/500. ಆಟೋ ಐಎಸ್‌ಒ (ಕ್ಯಾಮೆರಾ ತಾನೇ ಹೊಂದಿಸುವ ಬೆಳಕಿನ ಸೂಕ್ಷ್ಮತೆ) ಮಿತಿ 3200.

3 ಮೀಟರಿನಿಂದ ಫ್ರೇಮಿನಲ್ಲಿ ಬೀಳುವ ಅಗಲ ಸುಮಾರು 23 ಸೆಂ.ಮೀ., ಹಾಗಾಗಿ ಮುಖ ದೊಡ್ಡದಾಗಿ ಕಾಣಲು ಕ್ರಾಪ್ (ಅಂಚು ಕತ್ತರಿಸುವುದು) ತಪ್ಪಿದ್ದಲ್ಲ. 3000×2000 ಪಿಕ್ಸೆಲ್ ಉಳಿಸಿಕೊಳ್ಳಿ. 12×18ಕ್ಕೆ 166 ಡಿಪಿಐ (ಇಂಚಿಗೆ ಅಷ್ಟು ಚುಕ್ಕಿ) ಆಗುತ್ತದೆ, ಐದಾರು ಅಡಿ ದೂರದಿಂದ ನೋಡಲು ಅಡ್ಡಿಯಿಲ್ಲ. ಅದಕ್ಕಿಂತ ಕತ್ತರಿಸಿದರೆ ಮೀಸೆಯ ಕೂದಲು ಹೋಯಿತು ಅಂತಲೇ ಲೆಕ್ಕ.

ಚೌಕಟ್ಟು:
ಕಪ್ಪಾಗುವುದು ಸಾಮಾನ್ಯವಾಗಿ ಮಾನಿಟರಿನ ಬ್ರೈಟ್‌ನೆಸ್ ಜಾಸ್ತಿ ಇದ್ದಾಗ. ಸ್ಕ್ರೀನಿನಲ್ಲಿ ಬಿಳಿ ಪುಟ ತೆರೆದು, ಪಕ್ಕದಲ್ಲಿ ಬಿಳಿ ಹಾಳೆ ಹಿಡಿದು, ಎರಡೂ ಒಂದೇ ಥರ ಕಾಣುವವರೆಗೆ ತಗ್ಗಿಸಿ. ಆಮೇಲೆ ಎಡಿಟ್ ಮಾಡಿ. ದೊಡ್ಡದಕ್ಕೆ ದುಡ್ಡು ಹಾಕುವ ಮೊದಲು ಅದೇ ಪೇಪರಿನಲ್ಲಿ 4×6ರ ಮೂರು ಪ್ರಿಂಟ್ ತೆಗೆಸಿ: ಇದ್ದ ಹಾಗೆ, +1/3, +2/3 ಸ್ಟಾಪ್ ಬೆಳಗಿಸಿ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು). ಲ್ಯಾಬ್ ಬೇರೆ ಕೇಳದಿದ್ದರೆ ಫೈಲ್ ಮಾಮೂಲಿ ಬಣ್ಣದ ಮಾದರಿಯಾದ ಎಸ್‌ಆರ್‌ಜಿಬಿಯಲ್ಲೇ ಇರಲಿ.

ಕ್ಯಾನ್ವಾಸ್ ಬೇಡ, ನೇಯ್ಗೆಯಲ್ಲಿ ರೋಮ ಮುಚ್ಚಿಹೋಗುತ್ತದೆ. ಕಿಟಕಿ ಎದುರಿಗಿದೆ ಎಂದಿರಲ್ಲ, ಮ್ಯಾಟ್ ಪೇಪರ್ ಹಾಕಿಸಿ. ಕಪ್ಪು ತುಸು ಪೇಲವ, ಆದರೆ ಅಳಿಲಿನ ಬೂದುಬಣ್ಣಕ್ಕೆ ನಷ್ಟವಿಲ್ಲ. ಕರಾವಳಿಯ ಮಳೆಗಾಲದಲ್ಲಿ ಗಾಜಿಗೆ ತಾಗಿದ ಪ್ರಿಂಟ್ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಮೇಲ್ಪದರವೇ ಕಿತ್ತು ಬರುತ್ತದೆ. ನಡುವೆ, ಪ್ರಿಂಟಿನ ಸುತ್ತ 2 ಇಂಚು ಅಗಲದ ಮೌಂಟ್ ಬೋರ್ಡ್ (ರಟ್ಟಿನ ಅಂಚು) ಕಡ್ಡಾಯ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಯ ತೇವ ತಾಗದೆ ಗಾಳಿಯಾಡುತ್ತದೆ.

ಹಿತ್ಲುಮನೆ:
ಉಪಕಾರ. ಹತ್ತಿರ ಬರಲು ಶೇಂಗಾ ಇಡಬಹುದೇ?

ಎಫ್_ಎಂಟು:
ಬೇಡ. ತಿನ್ನುವಾಗ ಕೈಗಳು ಬಾಯಿಗೆ ಅಡ್ಡ ಬರುತ್ತವೆ, ರೂಢಿಯಾದರೆ ಅಡುಗೆಮನೆಗೂ ನುಗ್ಗುತ್ತವೆ. ಮಣ್ಣಿನ ತಟ್ಟೆಯಲ್ಲಿ ನೀರಿಡಿ, ದಿನಾ ತೊಳೆದು ಬದಲಿಸಿ. ಪಕ್ಕದಲ್ಲೊಂದು ಒಣಕೊಂಬೆ ನೆಡಿ, ಅದರ ಹಿಂದೆ ಮೂರು ಮೀಟರ್ ಬಯಲಿರಲಿ. ನೀರಿಗೆ ಇಳಿಯುವ ಮುಂಚೆ ಕೊಂಬೆಯ ಮೇಲೆ ನಿಂತು ಸುತ್ತ ನೋಡುತ್ತದಲ್ಲ, ಕ್ಲಿಕ್ಕಿಸಬೇಕಾದದ್ದು ಆಗ. ಕ್ಯಾಮೆರಾ ಅದರ ಕಣ್ಣಿನ ಮಟ್ಟಕ್ಕಿರಲಿ. ಬೆಳಿಗ್ಗೆ ಒಂಬತ್ತರೊಳಗಿನ ಓರೆ ಬೆಳಕು ಸಾಕು, ಫ್ಲ್ಯಾಶ್ ಬೇಡ.

ಚೌಕಟ್ಟು:
ಇನ್ನೊಂದು. ಮೂರರಲ್ಲೂ ತಲೆಯ ಗಾತ್ರ, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಹೊಂದಾಣಿಕೆ) ಒಂದೇ ಇರಲಿ. ಮರದಡಿ ತೆಗೆದದ್ದಕ್ಕೆ ಹಸಿರು ಛಾಯೆ ಬರುತ್ತದೆ, ಸಾಲಾಗಿ ಇಟ್ಟಾಗ ಅದೊಂದೇ ಎದ್ದು ಕಾಣುತ್ತದೆ. ಎಡದ ಅಳಿಲು ಬಲಕ್ಕೆ, ಬಲದ್ದು ಎಡಕ್ಕೆ ನೋಡುತ್ತಿರಬೇಕು; ಎದುರು ಮುಖದ್ದು ನಡುವೆ.